ರಜೆ ಅರ್ಜಿಯ ಇಂಗ್ಲಿಷ್

ಕೇಳುಗರಿಗೆ ನಮಸ್ಕಾರ. ಪದವಿ ಕಾಲೇಜಿನಲ್ಲಿ ಬಹುಕಾಲ ಇಂಗ್ಲಿಷ್ ಪಾಠ ಹೇಳಿದ ನನಗೆ ಅತ್ಯಂತ ಪರಿಚಿತವಾದ ಇಂಗ್ಲಿಷ್ ವಾಕ್ಯ ಯಾವುದೆಂದು ಯಾರಾದರೂ ಕೇಳಿದರೆ, ನನ್ನ ನೆನಪಿಗೆ ಬರುವುದು ಕವಿಗಳ ಸಾಲಲ್ಲ, ರಜೆ ಅರ್ಜಿಯ ಸಾಲು: ‘ಐ ಆ್ಯಮ್ ಸಫರಿಂಗ್ ಫ್ರಮ್ ಫೀವರ್ ಸಿನ್ಸ್ ತ್ರೀ ಡೇಸ್.’ ವಿದ್ಯಾರ್ಥಿಗಳಷ್ಟೇ ಅಲ್ಲದೆ ಅವರ ತಂದೆತಾಯಿಯರೂ, ಕೆಲವೊಮ್ಮೆ ಬೇರೆ ವಿಭಾಗದ ಸಹೋದ್ಯೋಗಿಗಳೂ ಹೀಗೆಯೇ ಬರೆಯುತ್ತಿದ್ದರು. ಕೆಂಪು ಶಾಯಿಯಲ್ಲಿ ‘ಸಿನ್ಸ್’ ಹೊಡೆದು ‘ಫಾರ್’ ಎಂದು ತಿದ್ದಿ ಕೊಟ್ಟರೆ, ಮುಂದಿನ ಜ್ವರಕ್ಕೆ ಮತ್ತೆ ಅದೇ ‘ಸಿನ್ಸ್’ ಮರಳಿ ಬರುತ್ತಿತ್ತು. ಈ ತಪ್ಪಿನ ಬೇರು ನಮ್ಮ ಕನ್ನಡದಲ್ಲೇ ಇದೆ ಎಂಬುದು ನನಗೆ ಹೊಳೆಯಲು ಕೆಲವು ವರ್ಷಗಳೇ ಬೇಕಾದವು.

‘ಸೋಮವಾರದಿಂದ ಜ್ವರ’ ಎನ್ನುತ್ತೇವೆ, ‘ಮೂರು ದಿನದಿಂದ ಜ್ವರ’ ಎಂದೂ ಎನ್ನುತ್ತೇವೆ. ಶುರುವಾದ ಹೊತ್ತಿಗೂ ಕಳೆದ ಅವಧಿಗೂ ನಮಗೆ ಒಂದೇ ‘ಇಂದ’ ಸಾಕು. ಇಂಗ್ಲಿಷಿನಲ್ಲಿ ಇವು ಬೇರೆ ಬೇರೆ: ಶುರುವಾದ ಹೊತ್ತನ್ನು ಹೇಳುವಾಗ ‘ಸಿನ್ಸ್ ಮಂಡೇ’, ಅವಧಿಯನ್ನು ಹೇಳುವಾಗ ‘ಫಾರ್ ತ್ರೀ ಡೇಸ್’. ಇನ್ನೊಂದು ತೊಡಕು ಕ್ರಿಯಾಪದದ್ದು. ಜ್ವರ ಈಗಲೂ ಇರುವುದರಿಂದ ಕನ್ನಡದಲ್ಲಿ ವರ್ತಮಾನಕಾಲದಲ್ಲಿ ‘ಇದೆ’ ಎಂದರೆ ಮುಗಿಯಿತು. ಇಂಗ್ಲಿಷಿನಲ್ಲಾದರೋ, ಹಿಂದೆ ಶುರುವಾಗಿ ಈಗಲೂ ಮುಂದುವರಿಯುತ್ತಿರುವ ಸಂಗತಿಗೆ ‘ಹ್ಯಾವ್ ಬೀನ್’, ‘ಹ್ಯಾವ್ ಹ್ಯಾಡ್’ನಂಥ ರೂಪ ಬೇಕೇ ಬೇಕು. ‘ಐ ಹ್ಯಾವ್ ಬೀನ್ ಸಫರಿಂಗ್ ಫ್ರಮ್ ಫೀವರ್ ಫಾರ್ ತ್ರೀ ಡೇಸ್’ ಎಂದರೆ ವಾಕ್ಯ ಸರಿಯಾಯಿತು. ‘ಐ ಹ್ಯಾವ್ ಹ್ಯಾಡ್ ಎ ಫೀವರ್ ಫಾರ್ ತ್ರೀ ಡೇಸ್’ ಎಂದು ಬರೆದರೆ ಇನ್ನೂ ಸಲೀಸು. ಬರಿಯ ನೆಗಡಿ ಜ್ವರಕ್ಕೆ ‘ಸಫರಿಂಗ್’ ಎಂದು ಅಷ್ಟೊಂದು ನರಳುವ ಅಗತ್ಯವೂ ಇಲ್ಲ.

ಈ ದೃಷ್ಟಿಯಿಂದ ನೋಡತೊಡಗಿದರೆ ನಮ್ಮ ಎಷ್ಟೋ ತಪ್ಪುಗಳ ಗುಟ್ಟು ಬಯಲಾಗುತ್ತದೆ. ‘ಅದರ ಬಗ್ಗೆ ಚರ್ಚಿಸಿದೆವು’ ಎಂಬುದರ ‘ಬಗ್ಗೆ’ಯೇ ‘ಡಿಸ್ಕಸ್ ಅಬೌಟ್’ ಎಂಬಲ್ಲಿ ಅಂಟಿಕೊಂಡಿರುತ್ತದೆ. ಇಂಗ್ಲಿಷಿನಲ್ಲಿ ‘ಡಿಸ್ಕಸ್’ ಆದ ಮೇಲೆ ನೇರವಾಗಿ ವಿಷಯ ಬರಬೇಕು. ‘ನನಗೆ ಅರ್ಥವಾಗುತ್ತಿಲ್ಲ’ ಎಂಬುದು ‘ಐ ಆ್ಯಮ್ ನಾಟ್ ಅಂಡರ್‌ಸ್ಟ್ಯಾಂಡಿಂಗ್’ ಆಗುತ್ತದೆ. ತಿಳಿವು, ಬಯಕೆ, ಒಡೆತನಗಳನ್ನು ಹೇಳುವ ಕ್ರಿಯಾಪದಗಳಿಗೆ ಇಂಗ್ಲಿಷ್ ಸಾಮಾನ್ಯವಾಗಿ ‘ಇಂಗ್’ ಹಚ್ಚುವುದಿಲ್ಲವಾದ್ದರಿಂದ ಅಲ್ಲಿ ‘ಐ ಡೋಂಟ್ ಅಂಡರ್‌ಸ್ಟ್ಯಾಂಡ್’ ಎನ್ನಬೇಕು. ‘ಮಾಹಿತಿಗಳು’, ‘ಪೀಠೋಪಕರಣಗಳು’ ಎನ್ನುವ ರೂಢಿಯಿಂದಲೇ ‘ಇನ್ಫರ್ಮೇಶನ್ಸ್’, ‘ಫರ್ನಿಚರ್ಸ್’ ಹುಟ್ಟಿವೆ. ಆ ಎರಡು ಪದಗಳಿಗೆ ಇಂಗ್ಲಿಷಿನಲ್ಲಿ ಬಹುವಚನವೇ ಇಲ್ಲ.

ಹಾಗೆಂದು ಎಲ್ಲ ತಪ್ಪನ್ನೂ ಕನ್ನಡದ ತಲೆಗೆ ಕಟ್ಟುವುದು ಅನ್ಯಾಯ. ‘ಐ ಡಿಡ್ ನಾಟ್ ವೆಂಟ್’ ಎಂಬ ಪ್ರಸಿದ್ಧ ತಪ್ಪನ್ನೇ ನೋಡಿ. ‘ನಿನ್ನೆ ಹೋದೆ’ ಎಂಬುದನ್ನು ನಿಷೇಧಾರ್ಥಕ್ಕೆ ತಿರುಗಿಸುವಾಗ ನಾವು ‘ಹೋದೆ ಇಲ್ಲ’ ಎನ್ನುವುದಿಲ್ಲ, ‘ಹೋಗಲಿಲ್ಲ’ ಎನ್ನುತ್ತೇವೆ. ‘ಇಲ್ಲ’ ಬಂದು ಸೇರಿದೊಡನೆ ‘ಹೋದ’ ಎಂಬ ಭೂತಕಾಲದ ರೂಪ ಕಳಚಿಬಿದ್ದು ಮೂಲ ಧಾತುವಾದ ‘ಹೋಗು’ ಮರಳಿ ಬರುತ್ತದೆ. ಇಂಗ್ಲಿಷ್ ಮಾಡುವುದೂ ಇದನ್ನೇ: ‘ಡಿಡ್’ ಬಂದ ಮೇಲೆ ‘ವೆಂಟ್’ ಹೋಗಿ ‘ಗೋ’ ಉಳಿಯುತ್ತದೆ. ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ‘ಹೋದೆ ಇಲ್ಲ’ ಎಂದು ಬರೆದು ಗಟ್ಟಿಯಾಗಿ ಓದಿಸಿದಾಗ ಮಕ್ಕಳು ಬಿದ್ದು ಬಿದ್ದು ನಕ್ಕಿದ್ದರು. ‘ಡಿಡ್ ನಾಟ್ ವೆಂಟ್’ ಇಂಗ್ಲಿಷಿನವರ ಕಿವಿಗೆ ಹಾಗೆಯೇ ಕೇಳುತ್ತದೆ ಎಂದೆ. ‘ಒನ್ ಆಫ್ ಮೈ ಫ್ರೆಂಡ್’ ಎಂಬುದಕ್ಕೂ ಮದ್ದು ಕನ್ನಡದಲ್ಲಿಯೇ ಇದೆ. ‘ನನ್ನ ಒಬ್ಬ ಸ್ನೇಹಿತ’ ಎಂದು ಯೋಚಿಸಿದರೆ ಏಕವಚನ ಬರುತ್ತದೆ, ‘ನನ್ನ ಸ್ನೇಹಿತರಲ್ಲಿ ಒಬ್ಬ’ ಎಂದು ಯೋಚಿಸಿದರೆ ‘ಫ್ರೆಂಡ್ಸ್’ ತಾನಾಗಿ ಬರುತ್ತದೆ.

ಇನ್ನು ನಾಲಿಗೆಯ ವಿಚಾರ. ‘ಎ’ ಎಲ್ಲಿ, ‘ಆ್ಯನ್’ ಎಲ್ಲಿ ಎಂಬುದಕ್ಕೆ ಶಾಲೆಯಲ್ಲಿ ಕಲಿಸುವ ನಿಯಮ ಎಲ್ಲರಿಗೂ ಗೊತ್ತು: ಸ್ವರದ ಮುಂದೆ ‘ಆ್ಯನ್’. ಇಲ್ಲಿ ಸ್ವರವೆಂದರೆ ಉಚ್ಚಾರದ ಸ್ವರ, ಬರೆಯುವ ಅಕ್ಷರವಲ್ಲ. ಆದಕಾರಣ ‘ಆ್ಯನ್ ಅವರ್’ ಸರಿ, ‘ಎ ಯೂನಿವರ್ಸಿಟಿ’ ಸರಿ. ನಮ್ಮವರು ಎಡವುವುದು ಇನ್ನೊಂದು ಕಡೆ. ಪದದ ಮೊದಲಲ್ಲಿ ಬರುವ ‘ಎ’ಕಾರಕ್ಕೆ ಕನ್ನಡದ ನಾಲಿಗೆ ಮೆಲ್ಲನೆ ಒಂದು ಯಕಾರ ಸೇರಿಸುತ್ತದೆ, ‘ಎಲ್ಲಿ’ ಎಂದು ಬರೆದು ‘ಯೆಲ್ಲಿ’ ಎನ್ನುತ್ತೇವೆ. ಶಾಸಕರನ್ನು ‘ಯೆಮ್ಮೆಲ್ಲೆ’ ಎನ್ನುವ ಕಿವಿಗೆ ‘ಎ ಯೆಮ್ಮೆಲ್ಲೆ’ ಸರಿಯಾಗಿಯೇ ಕೇಳಿಸುತ್ತದೆ, ಆದರೆ ಇಂಗ್ಲಿಷಿನ ಉಚ್ಚಾರದಲ್ಲಿ ಆ ಯಕಾರ ಇಲ್ಲದಿರುವುದರಿಂದ ಅಲ್ಲಿ ‘ಆ್ಯನ್ ಎಮ್ಮೆಲ್ಲೆ’ ಎಂದೇ ಬರೆಯಬೇಕು. ಹಾಗೆಯೇ ಕನ್ನಡದಲ್ಲಿ ಸಹಜವಾಗಿ ಇಲ್ಲದ ‘ಜ಼’ ಧ್ವನಿ ನಮ್ಮನ್ನು ಕಾಡುತ್ತದೆ. ಕಳೆದುಕೊಳ್ಳುವುದು, ಸೋಲುವುದು ‘ಲೂಜ಼್’, ಅದಕ್ಕೆ ಒಂದೇ ‘ಓ’; ಸಡಿಲವಾದದ್ದು ‘ಲೂಸ್’, ಅದಕ್ಕೆ ಎರಡು ‘ಓ’. ಎರಡನ್ನೂ ‘ಲೂಸ್’ ಎಂದೇ ಉಚ್ಚರಿಸುವವರು ಬರೆಯುವಾಗ ಪಂದ್ಯ ಸೋತವರನ್ನೆಲ್ಲ ಸಡಿಲಗೊಳಿಸಿಬಿಡುತ್ತಾರೆ. ಸಲಹೆ ಎಂಬ ನಾಮಪದ ‘ಅಡ್ವೈಸ್’, ಕೊನೆಗೆ ‘ಸಿ-ಇ’. ಸಲಹೆ ಕೊಡುವ ಕ್ರಿಯೆ ‘ಅಡ್ವೈಜ಼್’, ಕೊನೆಗೆ ‘ಎಸ್-ಇ’.

‘ಇಟ್ಸ್’ ಎಂಬ ಪದದ ಮೇಲಿನ ಕೊಂಬಿನಂಥ ಚಿಹ್ನೆ, ಅಂದರೆ ಅಪಾಸ್ಟ್ರಫಿಯ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ‘ಇಟ್ ಈಸ್’ ಅಥವಾ ‘ಇಟ್ ಹ್ಯಾಸ್’ ಎಂದು ಬಿಡಿಸಿ ಓದಲು ಬಂದರೆ ಚಿಹ್ನೆ ಬೇಕು, ಬರದಿದ್ದರೆ ಬೇಡ. ಅದರಿಂದಾಚೆ ಇನ್ನೇನೂ ಇಲ್ಲ.

ನಿಯಮಗಳೆಂದು ನಾವು ಬಾಯಿಪಾಠ ಮಾಡಿದವುಗಳಲ್ಲಿ ಕೆಲವು ಯಾರದೋ ಅಭಿರುಚಿ ಮಾತ್ರ. ವಾಕ್ಯದ ಕೊನೆಯಲ್ಲಿ ‘ವಿತ್’, ‘ಫಾರ್’ ಮುಂತಾದ ಉಪಸರ್ಗ ಬರಬಾರದೆಂಬ ಆಕ್ಷೇಪವನ್ನು ಮೊದಮೊದಲು ಎತ್ತಿದವನು ಇಂಗ್ಲಿಷ್ ಕವಿ ಜಾನ್ ಡ್ರೈಡನ್. 1672ರಲ್ಲಿ ಅವನು ತನಗಿಂತ ಹಿಂದಿನ ನಾಟಕಕಾರ ಬೆನ್ ಜಾನ್ಸನ್‌ನಲ್ಲಿ ಈ ದೋಷ ಕಂಡುಹಿಡಿದ. ಆಮೇಲೆ ತನ್ನ ಹಳೆಯ ಬರಹಗಳನ್ನೂ ತಿದ್ದಿಕೊಂಡ. ಇಂಗ್ಲಿಷ್ ಆಡುವವರು ಅವನಿಗಿಂತ ಮೊದಲೂ ಅನಂತರವೂ ಹಾಗೆಯೇ ಆಡುತ್ತಾ ಬಂದಿದ್ದಾರೆ. ಎಣಿಸಬಹುದಾದದ್ದಕ್ಕೆ ‘ಫ್ಯೂಯರ್’, ಎಣಿಸಲಾಗದ್ದಕ್ಕೆ ‘ಲೆಸ್’ ಎಂಬ ಕಟ್ಟಳೆ ಕೂಡ 1770ರಲ್ಲಿ ರಾಬರ್ಟ್ ಬೇಕರ್ ಎಂಬುವನು ಇದು ತನಗೆ ಹೆಚ್ಚು ಚೆನ್ನಾಗಿ ತೋರುತ್ತದೆ ಎಂದು ಹೇಳಿದ ಮಾತಿನಿಂದ ಬೆಳೆದದ್ದು. ಮೊದಲನೆಯದನ್ನು ನಾನು ಪಾಲಿಸುವುದಿಲ್ಲ. ಎರಡನೆಯದನ್ನು ಪಾಲಿಸುತ್ತೇನೆ, ಏಕೆಂದರೆ ಉತ್ತರಪತ್ರಿಕೆ ತಿದ್ದುವವರು, ಕೆಲಸದ ಅರ್ಜಿ ಓದುವವರು ಅದನ್ನು ನಿರೀಕ್ಷಿಸುತ್ತಾರೆ.

ನಮ್ಮ ದೇಶದ ಇಂಗ್ಲಿಷಿನ ಬಗ್ಗೆಯೂ ನನಗೆ ಇಂಥದೇ ಧೋರಣೆ. ಸಭೆಯನ್ನು ಗೊತ್ತಾದ ಹೊತ್ತಿಗಿಂತ ಮೊದಲೇ ಇಟ್ಟುಕೊಳ್ಳುವ ‘ಪ್ರಿಪೋನ್’ ಬಹಳ ಅನುಕೂಲವಾದ ಪದ, ಆಕ್ಸ್‌ಫರ್ಡ್ ನಿಘಂಟಿನಲ್ಲೂ ಅದಕ್ಕೆ ಜಾಗ ಸಿಕ್ಕಿದೆ. ಉತ್ತರಿಸಿ ಎನ್ನಲು ‘ಪ್ಲೀಸ್ ರಿವರ್ಟ್’ ಎಂದು ಹೊರದೇಶದವರಿಗೆ ಬರೆಯುವವರು ಮಾತ್ರ ತುಸು ಯೋಚಿಸಬೇಕು. ಹಿಂದಿನ ಸ್ಥಿತಿಗೆ ಮರಳುವುದೆಂಬ ಅರ್ಥವಷ್ಟೇ ಗೊತ್ತಿರುವ ಓದುಗನಿಗೆ ತಾನು ಏನಾಗಬೇಕೆಂದು ತಿಳಿಯದೆ ಹೋದೀತು.

ಕೊನೆಗೆ ನಮ್ಮ ಬೀದಿಯ ಒಂದು ಅಂಗಡಿಯ ಮಾತು. ಪೆನ್ನು, ನೋಟ್‌ಬುಕ್ಕು, ಬ್ರೌನ್ ಶೀಟು ಮಾರುವ ಆ ಅಂಗಡಿಯ ಫಲಕದಲ್ಲಿ ‘ಸ್ಟೇಷನರಿ’ಯ ಕೊನೆ ‘ಎ-ಆರ್-ವೈ’ ಎಂದಿದೆ. ಬರೆಯುವ ಸಾಮಗ್ರಿಯಾದರೆ ‘ಇ-ಆರ್-ವೈ’ ಆಗಬೇಕು, ನೀವು ಬರೆಸಿರುವುದಕ್ಕೆ ಕದಲದೆ ನಿಂತದ್ದು ಎಂದು ಅರ್ಥ ಎಂದು ಒಮ್ಮೆ ಹೇಳಿದೆ. ‘ಸರಿಯಾಗೇ ಇದೆಯಲ್ಲ ಮೇಷ್ಟ್ರೇ, ಅಂಗಡಿ ಇಪ್ಪತ್ತು ವರ್ಷದಿಂದ ಇಲ್ಲೇ ನಿಂತಿದೆ’ ಎಂದರು ಅಂಗಡಿಯವರು. ಮನೆಗೆ ಬಂದು ನಿಘಂಟು ತೆರೆದೆ. ಮಧ್ಯಯುಗದ ಯೂರೋಪಿನಲ್ಲಿ ಊರೂರು ಅಲೆದು ಮಾರುವವರಿಂದ ಬೇರೆಯಾಗಿ, ವಿಶ್ವವಿದ್ಯಾಲಯದ ಬಳಿ ಒಂದೆಡೆ ಅಂಗಡಿ ಹೂಡಿ ಕೂತ ಪುಸ್ತಕದವನೇ ‘ಸ್ಟೇಷನರ್’. ಲಂಡನ್ನಿನಲ್ಲಿ 1403ರಷ್ಟು ಹಿಂದೆಯೇ ಅವರದೊಂದು ಸಂಘವಿತ್ತು. ಅವನು ಮಾರುವ ಸರಕು ‘ಸ್ಟೇಷನರಿ’ ಆಯಿತು. ‘ಎ-ಆರ್-ವೈ’, ‘ಇ-ಆರ್-ವೈ’ ಎರಡೂ ಪದಗಳ ಮೂಲ ಒಂದೇ. ಫಲಕ ಹಾಗೆಯೇ ಇದೆ. ನಾನು ಕಾಗದ ಕೊಳ್ಳುವುದೂ ಅಲ್ಲಿಯೇ. ನಮಸ್ಕಾರ.