ಕತ್ತಲ ಕೋಣೆ ಕಟ್ಟುವ ಮುನ್ನ

ಎಲ್ಲರಿಗೂ ನಮಸ್ಕಾರ. ಇವತ್ತು ಅಕ್ಟೋಬರ್ 15, ಅಂಧರ ಬಿಳಿ ಕೋಲಿನ ದಿನ. ನಿಮ್ಮ ಕಾಲೇಜು ಹಬ್ಬದಲ್ಲಿ ಒಂದು ಕತ್ತಲ ಕೋಣೆ ಮಾಡುತ್ತೀರಂತೆ. ಅಂಧರ ಬದುಕು ಹೇಗಿರುತ್ತದೆ ಅಂತ ತಿಳಿಯಲಿ ಎಂದು ಬಂದವರ ಕಣ್ಣಿಗೆ ಪಟ್ಟಿ ಕಟ್ಟಿ ಹತ್ತು ನಿಮಿಷ ಓಡಾಡಿಸುತ್ತೀರಂತೆ. ಕೇಳಿದಾಗಿನಿಂದ ತಲೆಯಲ್ಲಿ ಅದೇ ಕೊರೆಯುತ್ತಿದೆ. ಬರೆದು ತಂದ ಭಾಷಣ ಪಕ್ಕಕ್ಕಿಟ್ಟು ಅದನ್ನೇ ಮಾತಾಡುತ್ತೇನೆ.

ಇಂಥ ಪ್ರದರ್ಶನಗಳಲ್ಲಿ ಹೆಸರಾದದ್ದು ‘ಡೈಲಾಗ್ ಇನ್ ದ ಡಾರ್ಕ್’. ಆಂಡ್ರಿಯಾಸ್ ಹೈನೆಕೆ 1988ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಶುರು ಮಾಡಿದರು. ನಮ್ಮ ಪಕ್ಕದ ಹೈದರಾಬಾದಿಗೂ ಬಂತು. ನಾನು ಹೊಕ್ಕಿದ್ದು ಅಲ್ಲೇ. ಬೆಳಕು ಸೂಸುವ ಫೋನು, ವಾಚು ಏನನ್ನೂ ಒಳಗೆ ಬಿಡುವುದಿಲ್ಲ. ಕೈಗೊಂದು ಕೋಲು ಕೊಡುತ್ತಾರೆ. ಆಮೇಲೆ ಕಣ್ಣು ತೆರೆದರೂ ಅಷ್ಟೇ, ಮುಚ್ಚಿದರೂ ಅಷ್ಟೇ. ಎಲ್ಲರೂ ಗೋಡೆಗೆ ಅಂಟಿಕೊಂಡೆವು. ನನ್ನ ಹಿಂದಿದ್ದವರೊಬ್ಬರು ಸುಮ್‌ಸುಮ್ನೆ ಜೋರಾಗಿ ಮಾತಾಡತೊಡಗಿದರು, ಭಯಕ್ಕೆ. ಗೈಡ್ ಮಾತ್ರ ಆರಾಮಾಗಿ, “ನನ್ನ ದನಿ ಹಿಡಿದು ಬನ್ನಿ” ಅಂದರು. ಆಕೆಗೆ ಕಣ್ಣು ಕಾಣುವುದಿಲ್ಲ.

ಕೊನೆಗೆ ಕತ್ತಲಲ್ಲೇ ಒಂದು ಕೆಫೆ. ಟೀ ತಗೊಂಡು ಕೈಗೆ ಸಿಕ್ಕ ನೋಟು ಕೊಟ್ಟೆ. ಎಷ್ಟರದು ಅಂತ ನನಗೇ ಗೊತ್ತಿಲ್ಲ. ಕೌಂಟರಿನಾತ, ಅವರಿಗೂ ಕಣ್ಣು ಕಾಣದು, “ಐನೂರು ಕೊಟ್ಟಿದ್ದೀರಿ” ಅಂದರು. ಹೇಗೆ ಗೊತ್ತಾಯಿತು ಅಂದೆ. ನನ್ನ ಬೆರಳು ಹಿಡಿದು ನೋಟಿನ ಅಂಚಿನ ಮೇಲೆ ಸವರಿಸಿದರು. ಉಬ್ಬು ಗೆರೆಗಳು! ಐನೂರಕ್ಕೆ ಐದು, ನೂರಕ್ಕೆ ನಾಲ್ಕು. ಗೆರೆ ಸವೆದಿದ್ದರೆ ಉದ್ದ ಅಳೆಯುವುದು. ಹೊಸ ನೂರರ ನೋಟು 142 ಮಿಲಿಮೀಟರ್, ಇನ್ನೂರರದು 146, ಐನೂರರದು 150. ಬರೀ ನಾಲ್ಕು ಮಿಲಿಮೀಟರ್ ವ್ಯತ್ಯಾಸ, ಅದನ್ನು ಬೆರಳ ಸಂದಿಯಲ್ಲಿ ಹಿಡಿಯುತ್ತಾರೆ. ನೀವೂ ಜೇಬಿಂದ ತೆಗೆದು ಮುಟ್ಟಿ ನೋಡಿ. ಹೂಂ, ಈಗಲೇ. ಯುಪಿಐ ಬಂದಮೇಲೆ ಯಾರ ಹತ್ತಿರವೂ ನೋಟಿಲ್ಲ ಅನ್ಸುತ್ತೆ! ಇರಲಿ, ಪಕ್ಕದವರ ಹತ್ತಿರ ಇಸ್ಕೊಳ್ಳಿ.

ನನ್ನ ತಕರಾರು ಇಷ್ಟೇ. ಪಟ್ಟಿ ಕಟ್ಟಿಕೊಂಡು ತಡಕಾಡಿದರೆ ಸಿಗುವುದು ಕಣ್ಣು ಹೋದ ಮೊದಲ ದಿನದ ಗಾಬರಿ. ಆಮೇಲಿನ ವರ್ಷಗಳ ಕಲಿಕೆ ಅದರಲ್ಲಿ ಎಲ್ಲಿದೆ? 2014ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನೇ ಪರೀಕ್ಷೆಗೆ ಒಡ್ಡಿ ಬರೆದರು. ಅವರಲ್ಲಿ ಮುಖ್ಯರಾದವರಿಗೇ ಕಣ್ಣು ಕಾಣುವುದಿಲ್ಲ. ಪಟ್ಟಿ ಕಟ್ಟಿಕೊಂಡವರಿಗೆ ಕರುಣೆ ಹೆಚ್ಚಿತು, ನಿಜ. ಆದರೆ ಅಂಧರು ಕೆಲಸ ಮಾಡಬಲ್ಲರು, ಸ್ವತಂತ್ರವಾಗಿ ಬದುಕಬಲ್ಲರು ಅನ್ನುವ ನಂಬಿಕೆ ಕಮ್ಮಿಯಾಯಿತು. ಇದು ನನಗೆ ತುಂಬ ಕಳವಳದ ವಿಷಯ. ಹತ್ತು ನಿಮಿಷ ಹೆದರಿದವರು ನಾಳೆ ಸಂದರ್ಶನದ ಮೇಜಿನ ಆಚೆ ಕೂತರೆ ಅಂಧ ಹುಡುಗಿಗೆ ಕೆಲಸ ಕೊಡುತ್ತಾರಾ? ಕಣ್ಣು ಕಾಣದ ಸಂಗೀತ ಗುರು, ಗದುಗಿನ ಪುಟ್ಟರಾಜ ಗವಾಯಿಗಳಿಗೆ 2010ರಲ್ಲಿ ಪದ್ಮಭೂಷಣ ಬಂತು. ಅವರ ಮುಂದೆ ಕೂತು ಹಾಡು ಕಲಿತವರು ಯಾರಾದರೂ ‘ಅಯ್ಯೋ ಪಾಪ’ ಅಂದಿರುತ್ತಾರಾ? ವಿದ್ಯೆ ಕಂಡವರಿಗೆ ಆ ಮಾತು ಬಾಯಿಗೆ ಬರುವುದಿಲ್ಲ. ಪಟ್ಟಿ ಕಟ್ಟಿದರೆ ಕಾಣುವುದು ಬರೀ ಮೊದಲ ದಿನ ಅಂತ ನಾನು ಮತ್ತೆ ಮತ್ತೆ ಹೇಳುವುದು ಅದಕ್ಕೇ.

ಚೀಟಿ ಬಂತು, ಐದೇ ನಿಮಿಷವಂತೆ. ಬ್ರೈಲ್, ಸ್ಕ್ರೀನ್ ರೀಡರ್, ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ, ಎಲ್ಲ ಬಿಡುತ್ತೇನೆ. ಮೆಟ್ರೋ ಸ್ಟೇಷನ್ನಿನ ಹಳದಿ ಉಬ್ಬು ಟೈಲ್ಸ್ ಮಾತ್ರ ಹೇಳಲೇಬೇಕು. ಜಪಾನಿನ ಸೇಯಿಚಿ ಮಿಯಾಕೆ ಕಂಡುಹಿಡಿದದ್ದು, 1967ರಲ್ಲಿ ಒಕಾಯಾಮಾದಲ್ಲಿ ಮೊದಲು ಹಾಕಿದ್ದು. ಉದ್ದ ಗೆರೆ ಇದ್ದರೆ ನಡೆಯಿರಿ, ಗುಂಡು ಚುಕ್ಕೆ ಇದ್ದರೆ ಎಚ್ಚರ. ಸ್ಟೇಷನ್ ದಾಟಿ ಫುಟ್‌ಪಾತಿಗೆ ಬಂದರೆ ಅದೇ ಟೈಲ್ಸ್ ಮೇಲೆ ಬೈಕು ನಿಲ್ಲಿಸಿರುತ್ತಾರೆ. ಅಂಧರನ್ನು ಅಲ್ಲಿ ಎಡವಿಸುವುದು ಕಣ್ಣಿದ್ದವರ ಬೈಕು, ಅಲ್ವಾ?

ಕೋಣೆ ಬೇಡ ಅನ್ನುತ್ತಿಲ್ಲ, ಖಂಡಿತ ಮಾಡಿ. ಆದರೆ ಪಟ್ಟಿ ಕಟ್ಟಿ ಒಬ್ಬೊಬ್ಬರನ್ನೇ ತಳ್ಳಬೇಡಿ. ಅಂಧ ಗೈಡ್‌ಗಳನ್ನು ಕರೆಸಿ, ಸರಿಯಾದ ಸಂಬಳ ಕೊಡಿ, ಕೋಣೆ ಹೇಗಿರಬೇಕು ಅಂತ ಮೊದಲು ಅವರನ್ನೇ ಕೇಳಿ. ಕೊನೆಗೆ ದೀಪ ಹಾಕಿ, ಬಂದವರನ್ನು ಅವರ ಜೊತೆ ಅರ್ಧ ಗಂಟೆ ಕೂರಿಸಿ. ಮೇಜಿನ ಮೇಲೆ ನಾಲ್ಕಾರು ನೋಟು ಇಟ್ಟಿರಿ.