ಆಟಿಕೆ ಕೊಳ್ಳುವ ಮುನ್ನ ಅಂಗಳ ನೋಡೋಣ

ಸಭಿಕರೇ,

ಮಕ್ಕಳಿಗೆ ಆಟಿಕೆ ಕೊಳ್ಳುವಾಗ ನಾವು ವಯಸ್ಸನ್ನೂ ಬೆಲೆಯನ್ನೂ ವಿಚಾರಿಸುತ್ತೇವೆ. ಕೊಡಗಿನಲ್ಲಿ ಅದಕ್ಕೂ ಮೊದಲು ಕೇಳಬೇಕಾದದ್ದು, ಅದನ್ನು ಯಾವ ತಿಂಗಳಲ್ಲಿ, ಎಲ್ಲಿ, ಯಾರೊಡನೆ ಆಡುವುದು ಎಂದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹಿಡಿದರೆ ಅಂಗಳಕ್ಕೆ ಇಳಿಯುವಂತಿಲ್ಲ. ಮಳೆ ಮುಗಿದು ಕುಯ್ಲು ಶುರುವಾದರೆ ಕಣದ ತುಂಬ ಕಾಫಿ. ಉಳಿದ ಜಾಗವೆಲ್ಲ ಇಳಿಜಾರು. ಸಮತಟ್ಟಾದ ನಗರದ ರಸ್ತೆಗೆಂದು ತಯಾರಾದ ಸ್ಕೇಟಿಂಗ್ ಬೂಟು ಇಲ್ಲಿ ವಾರದೊಳಗೆ ಮೂಲೆ ಸೇರಿದರೆ ತಪ್ಪು ಮಗುವಿನದಲ್ಲ.

ಐದರಿಂದ ಹದಿನೇಳು ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಮೈದಣಿಯುವಂತೆ ಚಟುವಟಿಕೆಯಲ್ಲಿರಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮೂರು-ನಾಲ್ಕು ವರ್ಷದ ಪುಟಾಣಿಗಳಿಗೆ ಅದು ಹೇಳುವುದು ದಿನವಿಡೀ ಹಂಚಿದ 180 ನಿಮಿಷಗಳ ಓಡಾಟ. ಮಳೆಗಾಲಕ್ಕೆಂದು ಇದರಲ್ಲಿ ವಿನಾಯಿತಿಯಿಲ್ಲ. ಜಗುಲಿಯಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದ ಕುಂಟೆಬಿಲ್ಲೆ, ಹಗ್ಗದಾಟ, ಬಟ್ಟೆ ಚೆಂಡಿನಲ್ಲಿ ಆಡುವ ಲಗೋರಿ, ಇವು ಆ ಹೊತ್ತನ್ನು ಖರ್ಚಿಲ್ಲದೆ ತುಂಬಿಕೊಡುತ್ತವೆ. ಚೌಕಾಬಾರ, ಚೆನ್ನೆಮಣೆಗಳು ಲೆಕ್ಕವನ್ನೂ ತಾಳ್ಮೆಯನ್ನೂ ಕಲಿಸುತ್ತವೆ, ಅಜ್ಜಿಯನ್ನೂ ಜೊತೆಗೆ ಕೂರಿಸುತ್ತವೆ; ಆದರೆ ಅವು ಕುಳಿತು ಆಡುವ ಆಟಗಳು, ಆ ಒಂದು ಗಂಟೆಗೆ ಜಮೆಯಾಗುವುದಿಲ್ಲ.

ಸುರಕ್ಷತೆಯ ಮಾತು ಚಿಕ್ಕದಾದರೂ ಬಿಡುವಂತಿಲ್ಲ. ಹದಿನಾಲ್ಕು ವರ್ಷದೊಳಗಿನವರ ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಸಂತೆಯಲ್ಲಿ ಕೊಳ್ಳುವಾಗಲೂ ಅದನ್ನು ಹುಡುಕಿ. ಗುಂಡಿಯಾಕಾರದ ಬ್ಯಾಟರಿಯಿರುವ ಆಟಿಕೆಯ ಮುಚ್ಚಳಕ್ಕೆ ಸ್ಕ್ರೂ ಇರಲೇಬೇಕು, ಏಕೆಂದರೆ ನುಂಗಿದ ಬ್ಯಾಟರಿ ಎರಡೇ ಗಂಟೆಯಲ್ಲಿ ಅನ್ನನಾಳವನ್ನು ಸುಡಬಲ್ಲದು.

ಇನ್ನು ನಮ್ಮ ಹಾಕಿ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡ ಗ್ರಾಮದಲ್ಲಿ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿಯಲ್ಲಿ ತಂಡ ಕಟ್ಟುವುದು ಕ್ಲಬ್ಬಿನ ಹೆಸರಿನಲ್ಲಲ್ಲ, ಒಕ್ಕದ, ಅಂದರೆ ಮನೆತನದ, ಹೆಸರಿನಲ್ಲಿ. ಹಾಗಾಗಿ ಹೆಂಗಸರೂ ಹಿರಿಯರೂ ಹುಡುಗರೊಂದಿಗೆ ಒಂದೇ ತಂಡದಲ್ಲಿ ನಿಲ್ಲುತ್ತಾರೆ. ಇಂಥ ಪಂದ್ಯ ನೋಡಿ ಬಂದ ಮಗು ಸ್ಟಿಕ್ ಬೇಕೆನ್ನುವುದು ಸಹಜ. ಆಗ "ಬೆಳೆಯುವ ಹುಡುಗ, ಇರಲಿ" ಎಂದು ದೊಡ್ಡ ಅಳತೆಯದನ್ನು ತರುವುದು ನಮ್ಮಲ್ಲಿ ವಾಡಿಕೆ. ಈ ಉಳಿತಾಯ ನನಗೆ ಒಪ್ಪಿಗೆಯಿಲ್ಲ. ನೆಟ್ಟಗೆ ನಿಲ್ಲಿಸಿದ ಸ್ಟಿಕ್ ಮಗುವಿನ ಸೊಂಟದ ಮೂಳೆಯ ಹತ್ತಿರ ಬರಬೇಕು. ಉದ್ದವಾದರೆ ಕೈ ತಿರುಗದು, ಆಸಕ್ತಿಯೂ ಉಳಿಯದು. ಎಳೆಯರಿಗೆ ಗಟ್ಟಿ ಹಾಕಿ ಚೆಂಡಿನ ಬದಲು ಮೆತ್ತನೆಯ ರಬ್ಬರ್ ಚೆಂಡೇ ಸಾಕು. ದುಬಾರಿಯ ಒಂದು ಸ್ಟಿಕ್ಕಿಗೆ ಹಣ ಎತ್ತಿಟ್ಟಿದ್ದರೆ ಅದರಲ್ಲಿ ಸಾಧಾರಣವಾದ ಎರಡನ್ನು ಕೊಳ್ಳಿ, ಎರಡನೆಯದು ತಾಯಿಯ ಅಥವಾ ತಂದೆಯ ಅಳತೆಯದಿರಲಿ.