ಮ್ಯಾನ್ಸ್‌ಫೀಲ್ಡ್ ಕತೆಯಲ್ಲಿ ಒಂದು ಬಾದಾಮಿ

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ ಅರಮನೆ ದೀಪ ನೋಡೋದು ಬಿಟ್ಟು ಕತೆಯ ಮಾತು ಕೇಳಲು ಬಂದಿದ್ದೀರಿ. ನಾನು ಹೇಳಹೊರಟಿರುವ ಕತೆಯೂ ಭಾನುವಾರದ್ದೇ.

ಮೊದಲು ಕತೆಗಾರ್ತಿಯ ವಿಷಯ, ಚುಟುಕಾಗಿ. ಕ್ಯಾಥರೀನ್ ಮ್ಯಾನ್ಸ್‌ಫೀಲ್ಡ್ ಹುಟ್ಟಿದ್ದು 1888ರಲ್ಲಿ, ನ್ಯೂಜಿಲೆಂಡಿನ ವೆಲಿಂಗ್ಟನ್‌ನಲ್ಲಿ. 1908ರಲ್ಲಿ ಲಂಡನ್ನಿಗೆ ಹೋದವರು ಮತ್ತೆ ಊರಿಗೆ ಮರಳಲೇ ಇಲ್ಲ. 1915ರಲ್ಲಿ, ಸೇನೆಯಲ್ಲಿದ್ದ ಒಬ್ಬನೇ ತಮ್ಮ ಗ್ರೆನೇಡ್ ಸಿಡಿದು ತೀರಿಕೊಂಡ. ಬಿಟ್ಟುಬಂದ ಊರು ಆಮೇಲೆ ಕತೆಗಳಲ್ಲಿ ಜಾಸ್ತಿ ಬರತೊಡಗಿತು.

1917ರ ಕೊನೆಗೆ ಕ್ಷಯ ಅಂತ ಗೊತ್ತಾಯಿತು. ಆಗ ಅದಕ್ಕೆ ಮದ್ದಿರಲಿಲ್ಲ. ಒಳ್ಳೆಯ ಗಾಳಿ, ಊಟ, ವಿಶ್ರಾಂತಿ, ಅಷ್ಟೇ. ಮೈಸೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕ್ಷಯಕ್ಕೆ ಬಲಿಯಾದ ಸೋದರಿಯ ಹೆಸರಿನಲ್ಲಿ ನಾಲ್ವಡಿಯವರು ಕಟ್ಟಿಸಿದ ಕ್ಷಯದ ಆಸ್ಪತ್ರೆ, ಪಿ.ಕೆ. (ಪ್ರಿನ್ಸೆಸ್ ಕೃಷ್ಣಾಜಮ್ಮಣ್ಣಿ) ಸ್ಯಾನಿಟೋರಿಯಂ, ಶುರುವಾದದ್ದು 1921ರಲ್ಲಿ. ಅದೇ ವರ್ಷ ಮ್ಯಾನ್ಸ್‌ಫೀಲ್ಡ್ ಸ್ವಿಟ್ಜರ್ಲೆಂಡಿನ ಬೆಟ್ಟದ ಮನೆಯೊಂದರಲ್ಲಿ ಇದ್ದುಕೊಂಡು ತಮ್ಮ ಬಹಳ ಒಳ್ಳೆಯ ಕತೆಗಳನ್ನು ಬರೆದರು. 1923ರ ಜನವರಿಯಲ್ಲಿ, 34ನೇ ವಯಸ್ಸಿಗೆ ಹೋಗಿಬಿಟ್ಟರು.

ಈಗ 1920ರಲ್ಲಿ ಬಂದ ‘ಮಿಸ್ ಬ್ರಿಲ್’ ಕತೆಗೆ ಬರೋಣ. ಫ್ರಾನ್ಸಿನ ಒಂದು ಪಾರ್ಕು. ಬ್ಯಾಂಡ್ ನುಡಿಸುತ್ತಿದ್ದಾರೆ. ಪಾಠ ಹೇಳಿಕೊಂಡು ಬದುಕುವ ಒಂಟಿ ಹೆಂಗಸು ಬೆಂಚಿನ ಮೇಲೆ ಕೂತು ಅಕ್ಕಪಕ್ಕದವರ ಮಾತಿಗೆ ಕಿವಿಗೊಡುತ್ತಾಳೆ. ಕುಕ್ಕರಹಳ್ಳಿ ಕೆರೆಯ ಬೆಂಚಿನ ಮೇಲೂ ಇಂಥವರು ಸಿಗುತ್ತಾರೆ, ಅಲ್ವಾ? ಪೆಟ್ಟಿಗೆಯಿಂದ ತೆಗೆದು, ನುಸಿಪುಡಿ ಕೊಡವಿ, ಬ್ರಷ್ ಹಾಕಿದ ಹಳೇ ತುಪ್ಪಳದ ಪಟ್ಟಿ ಅವಳ ಕತ್ತಿನಲ್ಲಿದೆ. ಇಡೀ ಪಾರ್ಕೇ ಒಂದು ನಾಟಕ, ತನಗೂ ಅದರಲ್ಲೊಂದು ಪಾರ್ಟು ಇದೆ ಅಂತ ಅವಳಿಗೆ ಅನಿಸುತ್ತದೆ. ಅಷ್ಟರಲ್ಲಿ ಪಕ್ಕದಲ್ಲಿ ಬಂದು ಕೂತ ಹುಡುಗ, ಈ ಮುದುಕಿ ಇಲ್ಲಿಗ್ಯಾಕೆ ಬರ್ತಾಳೆ ಅಂತಾನೆ. ಅವಳ ತುಪ್ಪಳ ಕರಿದ ಮೀನಿನ ಹಾಗಿದೆ ಅಂತ ಹುಡುಗಿ ಕಿಸಕ್ಕನೆ ನಗುತ್ತಾಳೆ.

ಆಮೇಲೆ? ಅವಳಿಗೆ ನೋವಾಯಿತು ಅಂತ ಮ್ಯಾನ್ಸ್‌ಫೀಲ್ಡ್ ಬರೆಯುವುದಿಲ್ಲ. ಕತೆಯನ್ನು ಬೇಕರಿಯ ಕಡೆಗೆ ತಿರುಗಿಸುತ್ತಾರೆ. ಪ್ರತಿ ಭಾನುವಾರ ಅವಳು ಒಂದು ತುಂಡು ಜೇನು ಕೇಕ್ ಕೊಳ್ಳುತ್ತಿದ್ದಳು. ಒಮ್ಮೊಮ್ಮೆ ತುಂಡಿನಲ್ಲಿ ಒಂದು ಬಾದಾಮಿ ಸಿಗುತ್ತಿತ್ತು, ಸಿಕ್ಕ ದಿನ ಹಬ್ಬ. ಇವತ್ತು ಅಂಗಡಿ ದಾಟಿ ಹೋಗಿಬಿಡುತ್ತಾಳೆ. ಕೋಣೆ ಸೇರಿ, ಕಣ್ಣೆತ್ತಿಯೂ ನೋಡದೆ ತುಪ್ಪಳವನ್ನು ಪೆಟ್ಟಿಗೆಗೆ ಹಾಕಿ ಮುಚ್ಚಳ ಮುಚ್ಚಿದಾಗ ಏನೋ ಅತ್ತ ಹಾಗೆ ಕೇಳಿಸುತ್ತದೆ. ಅಲ್ಲಿಗೆ ಕತೆ ಮುಗಿಯಿತು.

ಈಕೆಯದು ಮೃದುವಾದ, ನಾಜೂಕಾದ ಬರವಣಿಗೆ ಅನ್ನುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಮಿಸ್ ಬ್ರಿಲ್ ಬಗ್ಗೆ ಒಂದು ಅಯ್ಯೋ ಕೂಡ ಅನ್ನದ ಕತೆ ಇದು. ಕತೆಗಾರ್ತಿ ನಮ್ಮನ್ನು ಮೊದಲು ಅವಳ ಸಂತೋಷದೊಳಗೆ ಕೂರಿಸುತ್ತಾರೆ. ಆಮೇಲೆ ಹುಡುಗನ ಮಾತು ನಮಗೇ ಬಂದು ತಾಗುತ್ತದೆ. ಬಾದಾಮಿಯ ವಿಷಯವನ್ನೂ ನೋಡಿ, ಅದು ಕೈತಪ್ಪಿದ ಮೇಲೇ ನಮಗೆ ತಿಳಿಸುತ್ತಾರೆ. ಮೊದಲ ಪುಟದಲ್ಲೇ ಹೇಳಿದ್ದರೆ ಸುಮ್ನೆ ಒಂದು ವಿವರವಾಗಿ ಉಳಿದುಬಿಡುತ್ತಿತ್ತು.

ಈ ಕತೆಯಲ್ಲಿ ಪ್ರತಿ ವಾಕ್ಯದ ಉದ್ದವನ್ನಷ್ಟೇ ಅಲ್ಲ, ಅದರ ನಾದವನ್ನೂ ಆರಿಸಿಕೊಂಡೆ ಅಂತ ಅವರು ಒಂದು ಪತ್ರದಲ್ಲಿ ಬರೆದಿದ್ದಾರೆ. ಚಿಕ್ಕಂದಿನಲ್ಲಿ ಚೆಲ್ಲೋ ಅನ್ನುವ ತಂತಿವಾದ್ಯ ಕಲಿತವರು, ಬರೆದದ್ದನ್ನು ಗಟ್ಟಿಯಾಗಿ ಓದಿಕೊಂಡು ತಿದ್ದಿದರು. ಹಾಗಾಗಿ ನನ್ನ ಮಾತು ಇಷ್ಟು ಸಾಕು. ಕತೆಯ ಪ್ರತಿಗಳು ನಿಮ್ಮ ಕೈಯಲ್ಲಿವೆ. ಮೊದಲ ಪುಟ ಯಾರು ಓದುತ್ತೀರಿ? ಹಿಂದಿನ ಸಾಲಿನವರಿಗೂ ಕೇಳುವ ಹಾಗೆ ಓದಿ.